ಮಳೆಯಲ್ಲಿ ಆರದ ಹೆಡ್‌ಲೈಟ್: ಮಲ್ಪೆಯ ಕಾರೊಂದರ ರಿಪೇರಿ ದಾಖಲೆ

ಕಾರು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಾಟ ಹೆಚ್ಚಾಗಿ ಮಲ್ಪೆ–ಉಡುಪಿ ನಡುವೆ, ರಾತ್ರಿ ನಿಲ್ಲುವುದು ಕಡಲಿನಿಂದ ಕೂಗಳತೆ ದೂರದ ಅಂಗಳದಲ್ಲಿ. ಬಲ್ಬು ಎಚ್4, 60/55 ವ್ಯಾಟ್ (ಹೈ ಬೀಮ್ 60, ಲೋ ಬೀಮ್ 55). ಬ್ಯಾಟರಿ 35 ಆಂಪಿಯರ್-ಅವರ್. ದೂರು ಇಷ್ಟು: ಜೋರು ಮಳೆಯಲ್ಲಿ ಹೆಡ್‌ಲೈಟ್ ಹಾಕಿದರೆ ಆಮೇಲೆ ಆರುವುದೇ ಇಲ್ಲ. ಲಿವರ್ ತಿರುಗಿಸಿ ಆಫ್ ಮಾಡಿದರೂ, ಕೀ ತೆಗೆದು ಕೈಯಲ್ಲಿ ಹಿಡಿದರೂ ಎರಡೂ ಲೋ ಬೀಮ್ ಪೂರ್ತಿ ಬೆಳಕಿನಲ್ಲಿ ಉರಿಯುತ್ತಲೇ ಇರುತ್ತವೆ. ಬಾನೆಟ್ ಎತ್ತಿ ರಿಲೇ (ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ವಿದ್ಯುತ್ ಸ್ವಿಚ್) ಕಿತ್ತರೆ ಆರುತ್ತವೆ. ಅದೇ ರಿಲೇಯನ್ನು ಮತ್ತೆ ಕೂರಿಸಿದರೆ ಹತ್ತುವುದಿಲ್ಲ, ಎಲ್ಲ ಸರಿಯಾದಂತೆ ಕಾಣುತ್ತದೆ. ಮರುದಿನ ಬಿಸಿಲು ಬಿದ್ದ ಮೇಲೆ ಹತ್ತು ಸಲ ಹಾಕಿ ಆರಿಸಿದರೂ ತೊಂದರೆ ಇಲ್ಲ. ಕಾರು ಕೈಗೆ ಬರುವ ಹೊತ್ತಿಗೆ ಎರಡು ಹೊಸ ರಿಲೇ, ಒಂದು ಹೊಸ ಕಾಂಬಿನೇಶನ್ ಸ್ವಿಚ್ (ದೀಪದ ಲಿವರ್ ಇರುವ ಸ್ವಿಚ್) ಹಾಕಿ ಆಗಿತ್ತು. ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಬಿಚ್ಚುವ ಮೊದಲೇ ಈ ದೂರಿನಿಂದ ಮೂರು ವಿಷಯ ಸಿಗುತ್ತವೆ. ದೀಪ ಆರದೆ ಉಳಿದಾಗಲೂ ಪಾರ್ಕ್ ಲೈಟು ಮತ್ತು ಹಿಂದಿನ ಕೆಂಪು ದೀಪ ಲಿವರ್ ಹೇಳಿದಂತೆ ಕೇಳುತ್ತಿದ್ದವು. ಅಂದರೆ ಲಿವರಿನ ಯಂತ್ರಭಾಗ ತಿರುಗುತ್ತಿದೆ, ಒಳಗೆ ಮುರಿದಿಲ್ಲ. ಕೀ ತೆಗೆದ ಮೇಲೂ ಉರಿಯುತ್ತದೆ ಎಂದರೆ ರಿಲೇಯ ಕಾಯಿಲಿಗೆ (ಅಯಸ್ಕಾಂತವಾಗುವ ತಂತಿಸುರುಳಿಗೆ) ಕರೆಂಟು ಇಗ್ನಿಷನ್ ಮೂಲಕ ಬರುತ್ತಿಲ್ಲ, ನೇರ ಬ್ಯಾಟರಿಯಿಂದ ಫ್ಯೂಸ್ ದಾಟಿ ಬರುತ್ತಿದೆ. ಮೂರನೆಯದೇ ಮುಖ್ಯ: ಕಿತ್ತು ಕೂರಿಸಿದ ಕೂಡಲೇ ಸರಿಯಾಗುವ ರಿಲೇಯ ಕಾಂಟ್ಯಾಕ್ಟ್ (ಒಂದಕ್ಕೊಂದು ತಾಗಿ ದೀಪದ ಕರೆಂಟು ದಾಟಿಸುವ ಲೋಹದ ತುಂಡುಗಳು) ಬಹುಶಃ ಅಂಟಿಲ್ಲ. ನಿಜವಾಗಿ ಅಂಟಿದ್ದರೆ ಕೂರಿಸಿದ ತಕ್ಷಣ ದೀಪ ಮತ್ತೆ ಹತ್ತಬೇಕಿತ್ತು. ಕೀಳುವ ಜಗ್ಗಾಟಕ್ಕೆ ಅಂಟು ಬಿಟ್ಟುಕೊಳ್ಳುವುದೂ ಉಂಟು, ಹಾಗಾಗಿ ಇದೊಂದನ್ನೇ ನಂಬಿ ಕೂರುವಂತಿಲ್ಲ. ಆದರೆ ಸತತ ಮೂರು ರಿಲೇಗಳಿಗೆ ಹಾಗಾಗುವುದಿಲ್ಲ.

ಆರಿಸುವ ಮೊದಲು ಅಳೆಯಿರಿ

ದೀಪ ಆರದೆ ಉಳಿದಾಗ ಎಲ್ಲರ ಕೈ ಮೊದಲು ಬ್ಯಾಟರಿ ಟರ್ಮಿನಲ್ಲಿಗೋ ಫ್ಯೂಸಿಗೋ ಹೋಗುತ್ತದೆ. ದಾರಿಯಲ್ಲಿ ನಿಂತಿದ್ದರೆ ಅದೇ ಸರಿ. 10ರ ಸ್ಪಾನರಿನಲ್ಲಿ ಮೊದಲು ನೆಗೆಟಿವ್ ಸಡಿಲಿಸಿ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪಾನರು ಕಾರಿನ ಲೋಹದ ಬಾಡಿಗೆ ತಾಗಿ ಕಿಡಿ ಹಾರುತ್ತದೆ. 55 ವ್ಯಾಟಿನ ಎರಡು ಬಲ್ಬು ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಪೂರ್ತಿ ಚಾರ್ಜ್ ಇರುವ 35ರ ಬ್ಯಾಟರಿಯೂ ನಾಲ್ಕು ಗಂಟೆ ದಾಟುವುದಿಲ್ಲ, ಎರಡು ಗಂಟೆಗೇ ಸ್ಟಾರ್ಟ್ ಆಗುವ ಭರವಸೆ ಹೋಗುತ್ತದೆ. ಬೆಳಕು ಅಕ್ಕಪಕ್ಕದವರಿಗೆ ಕಣ್ಣಿಗೆ ಹೊಡೆಯುತ್ತದೆ ಎಂದು ಹೆಡ್‌ಲೈಟಿನ ಮೇಲೆ ಗೋಣಿ, ಬಟ್ಟೆ ಹೊದೆಸಬೇಡಿ. ಬಿಸಿ ಹೊರಹೋಗಲು ದಾರಿಯಿಲ್ಲದೆ ಪ್ಲಾಸ್ಟಿಕ್ ಗಾಜು ಹಾಳಾಗುತ್ತದೆ.

ಆದರೆ ಕೆಲಸದ ಜಾಗದಲ್ಲಿ ದೋಷ ಕಣ್ಣೆದುರಿಗೆ ಇರುವಾಗ ಆರಿಸುವುದು ತಪ್ಪು. ಬ್ಯಾಟರಿ ಬಿಚ್ಚಿದ, ಫ್ಯೂಸ್ ಕಿತ್ತ, ರಿಲೇ ಎಳೆದ ಕ್ಷಣದಲ್ಲೇ ಈ ಜಾತಿಯ ದೋಷ ಮಾಯವಾಗುತ್ತದೆ. ಮತ್ತೆ ಅದನ್ನು ಹಿಡಿಯಲು ಇನ್ನೊಂದು ಮಳೆ ಕಾಯಬೇಕು. ಹತ್ತು ನಿಮಿಷ ಉರಿದರೆ ಖರ್ಚಾಗುವುದು ಒಂದೂವರೆ ಆಂಪಿಯರ್-ಅವರ್ ಮಾತ್ರ. ಅಷ್ಟು ಬ್ಯಾಟರಿ ತಡೆದುಕೊಳ್ಳುತ್ತದೆ. ಆ ಹತ್ತು ನಿಮಿಷದಲ್ಲಿ ರಿಲೇಯ ಕಾಯಿಲಿನ ಎರಡು ತುದಿಗಳ ನಡುವೆ, ಅಂದರೆ 85 ಮತ್ತು 86ನೇ ಪಿನ್ನುಗಳ ನಡುವೆ, ಎಷ್ಟು ವೋಲ್ಟ್ ಇದೆ ಎಂದು ನೋಡಬೇಕು. ಸ್ವಿಚ್ ಆಫ್ ಇದ್ದು ದೀಪ ಉರಿಯುತ್ತಿರುವಾಗ ಅಲ್ಲಿ ಸೊನ್ನೆ ಇದ್ದರೆ ಕಾಂಟ್ಯಾಕ್ಟ್ ಅಂಟಿದೆ, ತಪ್ಪು ರಿಲೇಯದ್ದೇ. ಪೂರ್ತಿ 12 ಇದ್ದರೆ ಯಾರೋ ಕಾಯಿಲಿಗೆ ಆಜ್ಞೆ ಕೊಡುತ್ತಿದ್ದಾರೆ: ಸ್ವಿಚ್ಚು ಕರಗಿದೆ, ಇಲ್ಲವೇ ವೈರು ಸುಲಿದು ಬಾಡಿಗೆ ತಾಗಿದೆ. ನಡುವಿನ ಸಂಖ್ಯೆ ಬಂದರೆ, 3 ಅಥವಾ 4 ವೋಲ್ಟ್, ಅದು ಸೋರಿಕೆ. ಈ ಕಾರಿನದ್ದು ಅದೇ. ಹಿಂದಿನ ಎರಡು ಸಲವೂ ಯಾರೂ ಅಳೆಯದೆ ಬಿಟ್ಟ ಜಾಗವೂ ಅದೇ.

ಅಳೆಯುವ ರಿಲೇ

ಫ್ಯೂಸ್ ಪೆಟ್ಟಿಗೆಯಲ್ಲಿ ಕೂತ ರಿಲೇಯ ಕಾಲುಗಳಿಗೆ ಮೀಟರಿನ ಮೊನೆ ಮುಟ್ಟುವುದಿಲ್ಲ. ಪೆಟ್ಟಿಗೆಯನ್ನು ಕಳಚಿ ಹಿಂದಿನಿಂದ ಗುಂಡುಸೂಜಿ ತೂರಿಸಬಹುದು, ಆದರೆ ಉಪ್ಪುಗಾಳಿಯ ಊರಿನಲ್ಲಿ ಪೆಟ್ಟಿಗೆಯ ಕೆಳಮೈಯನ್ನು ಅಲುಗಾಡಿಸಿದಷ್ಟೂ ಹೊಸ ತೊಂದರೆ. ಅದಕ್ಕಿಂತ ಹಳೆಯ ರಿಲೇಯೊಂದರ ಮುಚ್ಚಳವನ್ನು ತೆಳು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದು, ಕಾಯಿಲಿನ ಎರಡು ತುದಿಗಳಿಗೆ ಒಂದೊಂದು ಅಡಿ ತೆಳು ವೈರು ಬೆಸುಗೆ ಹಾಕಿಕೊಳ್ಳುವುದು ಒಳ್ಳೆಯದು. ಅದನ್ನು ಸಾಕೆಟ್ಟಿನಲ್ಲಿ ಕೂರಿಸಿ ವೈರುಗಳನ್ನು ಹೊರಗೆಳೆದರೆ ಕಾಯಿಲಿನ ವೋಲ್ಟೇಜನ್ನು ಆರಾಮವಾಗಿ ನೋಡಬಹುದು, ಆರ್ಮೇಚರ್ (ಕಾಯಿಲಿನ ಅಯಸ್ಕಾಂತ ಸೆಳೆಯುವ ಕಬ್ಬಿಣದ ಪಟ್ಟಿ) ಎಳೆಯುವುದೂ ಬಿಡುವುದೂ ಕಣ್ಣಿಗೇ ಕಾಣುತ್ತದೆ.

ಇಲ್ಲಿ ತಂತುವಿನ ಟೆಸ್ಟ್ ಲ್ಯಾಂಪ್ ಬಳಸಬಾರದು. ಈ ಕಾರಿನಲ್ಲಿ ಕಾಯಿಲಿನ 86ಕ್ಕೆ ಬ್ಯಾಟರಿ ಸದಾ ಬಂದಿರುತ್ತದೆ, ಸ್ವಿಚ್ಚು 85ನ್ನು ಅರ್ಥ್ ಮಾಡುತ್ತದೆ, ಅಂದರೆ ಬ್ಯಾಟರಿಯ ನೆಗೆಟಿವ್‌ಗೆ ಸೇರಿದ ಬಾಡಿಗೆ ಜೋಡಿಸುತ್ತದೆ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಸಿಕ್ಕಿಸಿ ಮೊನೆಯನ್ನು 85ಕ್ಕೆ ಮುಟ್ಟಿಸಿದರೆ ಆ ಬಲ್ಬೇ ಅರ್ಥ್ ಆಗಿ ರಿಲೇ ಎಳೆದುಬಿಡುತ್ತದೆ. ಹುಡುಕುವ ದೋಷವನ್ನು ನಾವೇ ಹುಟ್ಟಿಸಿದಂತೆ. ಮಲ್ಟಿಮೀಟರ್ ಮಾತ್ರ.

ನೀರು ಹೊಯ್ಯುವ ಕ್ರಮ

ಒಣ ದಿನ ದೋಷ ತೋರುವುದಿಲ್ಲ, ಆದ್ದರಿಂದ ನೀರು ಹೊಯ್ದೇ ಬರಿಸಬೇಕು. ಕಾರಿಗೆ ಒಟ್ಟಾರೆ ಪೈಪು ಹಿಡಿದರೆ ಎಲ್ಲವೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ನೀರು ಇಳಿಯುವುದು ಕೆಳಕ್ಕೆ, ಹಾಗಾಗಿ ಪರೀಕ್ಷೆ ಹೋಗಬೇಕಾದ್ದು ಕೆಳಗಿನಿಂದ ಮೇಲಕ್ಕೆ. ಮೊದಲು ಬಂಪರಿನ ಹಿಂಭಾಗ, ಆಮೇಲೆ ಎಡ ಹೆಡ್‌ಲೈಟಿನ ಬೆನ್ನು, ಬಲದ್ದು, ಆಮೇಲೆ ಫ್ಯೂಸ್ ಪೆಟ್ಟಿಗೆಯ ಪಕ್ಕ, ಕೊನೆಗೆ ವೈಪರಿನ ಕೆಳಗಿನ ಜಾಲರಿ. ಒಂದೊಂದು ಜಾಗಕ್ಕೆ ಐದೈದು ನಿಮಿಷ ಸಣ್ಣ ಧಾರೆ, ನಡುನಡುವೆ ಹೆಡ್‌ಲೈಟ್ ಹಾಕಿ ಆರಿಸುವುದು.

ಬಂಪರ್, ಎರಡು ಹೆಡ್‌ಲೈಟ್, ಫ್ಯೂಸ್ ಪೆಟ್ಟಿಗೆ: ಏನೂ ಆಗಲಿಲ್ಲ. ವೈಪರ್ ಜಾಲರಿಯ ಎಡಮೂಲೆಗೆ ನೀರು ಬಿಟ್ಟು ನಾಲ್ಕನೇ ನಿಮಿಷಕ್ಕೆ ದೀಪ ಆರದೆ ನಿಂತಿತು. ಜಾಲರಿ ಎತ್ತಿ ನೋಡಿದರೆ ಅಡಿಯ ತೊಟ್ಟಿಯಲ್ಲಿ ಮಾವಿನ ಎಲೆ, ಹೂವಿನ ಹುಡಿ, ಮರಳು ಎಲ್ಲ ಸೇರಿ ಮೂರು ಬೆರಳು ದಪ್ಪದ ಕರಿ ಕೆಸರು. ನೀರು ಹೊರಹೋಗುವ ತೂತು ಮುಚ್ಚಿತ್ತು, ತೊಟ್ಟಿಯಲ್ಲಿ ನೀರು ನಿಂತಿತ್ತು.

ಈಗ ಅಳತೆ. ಒಣಗಿದ್ದಾಗ, ಸ್ವಿಚ್ ಆಫ್: 86ರಿಂದ ಬಾಡಿಗೆ 12.5 ವೋಲ್ಟ್, 85ರಿಂದ ಬಾಡಿಗೆ ಅಷ್ಟೇ 12.5, ಕಾಯಿಲಿನ ಮೇಲೆ ಸೊನ್ನೆ. ಸ್ವಿಚ್ ಆನ್: 86ರಲ್ಲಿ 12.3, 85ರಲ್ಲಿ 0.1, ಕಾಯಿಲಿನ ಮೇಲೆ 12.2. ದೋಷ ಹಿಡಿದಾಗ, ಸ್ವಿಚ್ ಆಫ್, ದೀಪ ಉರಿಯುತ್ತಿದೆ: 86ರಲ್ಲಿ 12.3, 85ರಲ್ಲಿ 8.8, ಕಾಯಿಲಿನ ಮೇಲೆ 3.5.

ಕಾಯಿಲಿನ ರೋಧ ಅಳೆದರೆ 82 ಓಮ್. 3.5ನ್ನು 82ರಿಂದ ಭಾಗಿಸಿದರೆ 43 ಮಿಲಿಆಂಪಿಯರ್. ಅಷ್ಟು ಕರೆಂಟು 85ರ ವೈರಿನಿಂದ ಎಲ್ಲೋ ಬಾಡಿಗೆ ಇಳಿಯುತ್ತಿದೆ. 8.8 ವೋಲ್ಟನ್ನು ಅದರಿಂದ ಭಾಗಿಸಿದರೆ ಸೋರಿಕೆಯ ರೋಧ ಸುಮಾರು 205 ಓಮ್. ಸುಲಿದ ವೈರು ಬಾಡಿಗೆ ತಾಗಿದ್ದರೆ ಇದು ಸೊನ್ನೆಯ ಹತ್ತಿರ ಇರಬೇಕಿತ್ತು. 205 ಓಮ್ ಎಂದರೆ ತಾಮ್ರಕ್ಕೆ ತಾಮ್ರ ಮುಟ್ಟಿಲ್ಲ, ನಡುವೆ ಉಪ್ಪುನೀರಿದೆ.

ಎಳೆಯಲು ಬೇಕಾದ್ದು ಬೇರೆ, ಹಿಡಿದಿಡಲು ಸಾಕಾಗುವುದು ಬೇರೆ

3.5 ವೋಲ್ಟಿಗೆ 12 ವೋಲ್ಟಿನ ರಿಲೇ ಹೇಗೆ ಕೆಲಸ ಮಾಡೀತು ಎಂಬ ಪ್ರಶ್ನೆ ನ್ಯಾಯವಾದದ್ದು. ಈ ದೋಷದ ಗಂಟು ಇರುವುದು ಇಲ್ಲೇ.

ಮುಚ್ಚಳ ತೆಗೆದ ರಿಲೇಯನ್ನು ಬೆಂಚಿನ ಮೇಲೆ ಇಟ್ಟು ವೋಲ್ಟೇಜನ್ನು ನಿಧಾನ ಏರಿಸಿದರೆ 6.8ರ ತನಕ ಆರ್ಮೇಚರ್ ಅಲುಗುವುದಿಲ್ಲ. 6.8ಕ್ಕೆ ಟಕ್ ಎಂದು ಎಳೆಯುತ್ತದೆ. ಈಗ ಇಳಿಸುತ್ತ ಬನ್ನಿ. 6, 5, 4, 3: ಬಿಡುವುದಿಲ್ಲ. 2.2ಕ್ಕೆ ಬಂದಾಗ ಬಿಡುತ್ತದೆ. ಆರ್ಮೇಚರ್ ದೂರ ಇರುವಾಗ ನಡುವೆ ಗಾಳಿಯ ಸಂದು ಇರುತ್ತದೆ, ಅದನ್ನು ದಾಟಿ ಎಳೆಯಲು ಅಯಸ್ಕಾಂತಕ್ಕೆ ಬಲ ಬೇಕು. ಒಮ್ಮೆ ಕಬ್ಬಿಣಕ್ಕೆ ಕಬ್ಬಿಣ ಕೂತ ಮೇಲೆ ಸಂದೇ ಇಲ್ಲ, ಸ್ವಲ್ಪ ಕರೆಂಟೇ ಸಾಕು. ಎಲ್ಲ ಸಾಧಾರಣ ರಿಲೇಗಳ ಗುಣ ಇದು, ಕೆಟ್ಟ ರಿಲೇಯದ್ದಲ್ಲ.

ಹಾಗಾಗಿ 205 ಓಮಿನ ಸೋರಿಕೆಗೆ ದೀಪ ಹತ್ತಿಸುವ ಶಕ್ತಿ ಇಲ್ಲ, ಹತ್ತಿದ ದೀಪವನ್ನು ಹಿಡಿದಿಡುವ ಶಕ್ತಿ ಇದೆ. ಮಳೆಯಲ್ಲಿ ಕಾರು ತಾನಾಗಿ ದೀಪ ಹತ್ತಿಸಿಕೊಳ್ಳುವುದಿಲ್ಲ. ಚಾಲಕ ಒಮ್ಮೆ ಹಾಕಿದರೆ ಮಾತ್ರ ಆರುವುದಿಲ್ಲ. ರಿಲೇ ಕಿತ್ತಾಗ ಆರ್ಮೇಚರ್ ಬಿಟ್ಟುಹೋಗುತ್ತದೆ, ಮತ್ತೆ ಕೂರಿಸಿದರೆ 3.5 ವೋಲ್ಟಿಗೆ ಅದು ಏಳುವುದಿಲ್ಲ. ನೋಡುವವರಿಗೆ ರಿಲೇಯದ್ದೇ ತಪ್ಪು ಎಂದು ಖಚಿತವಾಗುತ್ತದೆ, ಹೊಸ ರಿಲೇ ಬರುತ್ತದೆ, ಅದೂ ಮುಂದಿನ ಮಳೆಗೆ ಹಾಗೆಯೇ ಹಿಡಿದು ಕೂರುತ್ತದೆ. ದೋಷ ಪತ್ತೆ ಮಾಡಬೇಕಾದ ಕ್ರಿಯೆಯೇ ದೋಷವನ್ನು ಅಳಿಸುವ ಇಂಥ ಕಡೆ ಮೀಟರಿಲ್ಲದೆ ಬಿಡಿಭಾಗ ಬದಲಿಸುವುದರಿಂದ ಗಿರಾಕಿಯ ದುಡ್ಡು ಹೋಗುತ್ತದೆ, ಅಷ್ಟೇ.

ಸೋರುವ ಜಾಗ

85ರ ವೈರು ಫ್ಯೂಸ್ ಪೆಟ್ಟಿಗೆಯಿಂದ ಹೊರಟು, ಎಡಬದಿಯ ರಬ್ಬರ್ ಗ್ರಾಮೆಟ್ (ವೈರು ತೂರುವ ತೂತಿನ ಬಳೆ) ಮೂಲಕ ಕಾರಿನೊಳಗೆ ಬಂದು, ಮುಂದಿನ ಎಡ ಸೀಟಿನವರು ಕಾಲಿಡುವ ಜಾಗದ ಪಕ್ಕದ ಪ್ಲಾಸ್ಟಿಕ್ಕಿನ ಹಿಂದೆ 14 ಪಿನ್ನಿನ ಕಪ್ಲರ್ (ವೈರುಗಳನ್ನು ಕೂಡಿಸುವ, ಬಿಚ್ಚಬಹುದಾದ ಪ್ಲಗ್ಗು) ದಾಟಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಸ್ವಿಚ್ಚಿಗೆ ಹೋಗುತ್ತದೆ. ದೀಪ ಉರಿಯುತ್ತಿರುವಾಗಲೇ ತುದಿಯಿಂದ ಒಂದೊಂದೇ ಕಪ್ಲರ್ ಬಿಚ್ಚುತ್ತ ಬರಬೇಕು. ಮೊದಲು ಸ್ಟಿಯರಿಂಗ್ ಕೆಳಗಿನ ಹೊದಿಕೆಯ ಮೂರು ಸ್ಕ್ರೂ ತೆಗೆದು ಕಾಂಬಿನೇಶನ್ ಸ್ವಿಚ್ಚಿನ ಕಪ್ಲರ್. ಸ್ಟಿಯರಿಂಗ್ ಚಕ್ರ ಕಳಚುವ ಅಗತ್ಯವಿಲ್ಲ. ಅಲ್ಲಿ ಕಾಣುವ ಹಳದಿ ಬಣ್ಣದ ಕಪ್ಲರುಗಳು ಏರ್‌ಬ್ಯಾಗಿನವು, ಅವುಗಳನ್ನು ಮುಟ್ಟಬಾರದು, ಓಮ್ ಮೀಟರಂತೂ ಅವುಗಳ ಹತ್ತಿರ ಹೋಗಲೇಬಾರದು. ಸ್ವಿಚ್ ಕಪ್ಲರ್ ಬಿಚ್ಚಿದರೂ ದೀಪ ಉರಿಯುತ್ತಲೇ ಇತ್ತು, ಕಾಯಿಲಿನ ಮೇಲೆ ಅದೇ 3.5. ಸ್ವಿಚ್ಚಿನ ಮೇಲಿನ ಆರೋಪ ಅಲ್ಲಿಗೆ ಬಿತ್ತು.

ಕಾಲಡಿಯ ಪ್ಲಾಸ್ಟಿಕ್ ತೆಗೆದಾಗ ಮೊದಲು ಬಂದದ್ದು ವಾಸನೆ, ಒದ್ದೆ ಕಾರ್ಪೆಟ್ಟಿನ ಮುಗ್ಗಲು ವಾಸನೆ. 14 ಪಿನ್ನಿನ ಕಪ್ಲರಿನ ಲಾಕ್ ಒತ್ತಿ ಎಳೆದ ಕ್ಷಣ ಬಾನೆಟ್ಟಿನೊಳಗಿಂದ ಟಕ್, ದೀಪ ಆರಿತು.

ಕಪ್ಲರಿನ ಒಳಗೆ ಟಾರ್ಚ್ ಹಿಡಿದರೆ ಹನ್ನೆರಡು ಪಿನ್ನುಗಳು ಮಾಸಿದ್ದವು, ಅಷ್ಟೆ. ಮೇಲಿನ ಸಾಲಿನ ಮೂಲೆಯ ಎರಡು ಮಾತ್ರ ಬೇರೆ. 85ರ ಪಿನ್ನಿನ ಸುತ್ತ ಅಡಿಕೆಗೆ ಹೊಡೆಯುವ ಮೈಲುತುತ್ತದ ಬಣ್ಣದ ಹಿಟ್ಟು ಗಡ್ಡೆಗಟ್ಟಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಾಗ ಹಿಟ್ಟು ಉದುರಿ ಒಳಗೆ ಉಳಿದ ಲೋಹ ಕಂಡಿತು: ತುದಿ ಸೂಜಿಯಂತೆ ಸಪೂರ, ಬುಡದ ಹತ್ತಿರ ಅರ್ಧ ಅಗಲ ತಿಂದುಹೋಗಿದೆ. ಅದರ ಪಕ್ಕದ ಕಪ್ಪು ವೈರಿನ ಅರ್ಥ್ ಪಿನ್ನು ಮಾತ್ರ ಮಾಸಿದ್ದರೂ ಇಡಿಯಾಗಿತ್ತು. ಎರಡರ ನಡುವಿನ ಪ್ಲಾಸ್ಟಿಕ್ ಗೋಡೆಯ ಮೇಲೆ ಒಂದು ಹಸಿರು ಗೆರೆ, ಒಂದರಿಂದ ಇನ್ನೊಂದಕ್ಕೆ.

ಆ ಒಂದೇ ಪಿನ್ನು ಸವೆಯುವುದಕ್ಕೆ ಕಾರಣ ಇದೆ. ಕೀ ತೆಗೆದ ಮೇಲೆ ಆ ಕಪ್ಲರಿನ ಉಳಿದ ಪಿನ್ನುಗಳಲ್ಲಿ ವೋಲ್ಟೇಜ್ ಇಲ್ಲ. 85ರ ವೈರಿನಲ್ಲಿ ಮಾತ್ರ ಕಾಯಿಲಿನ ಮೂಲಕ ಹಗಲೂ ರಾತ್ರಿ 12 ವೋಲ್ಟ್ ನಿಂತಿರುತ್ತದೆ, ಕೆಲವೇ ಮಿಲಿಮೀಟರ್ ಆಚೆ ಅರ್ಥ್ ಇದೆ. ನಡುವೆ ಉಪ್ಪಿನ ತೇವ ಬಂದರೆ ಪಾಸಿಟಿವ್ ಪಿನ್ನಿನ ತಾಮ್ರ ಕರಗಿ ನೆಗೆಟಿವ್ ಕಡೆಗೆ ಹೋಗುತ್ತದೆ. ಕರೆಂಟು ಹರಿಸಿ ಲೋಹಕ್ಕೆ ಲೋಹದ ಲೇಪ ಕೊಡುವ ತೊಟ್ಟಿಯಲ್ಲಿ ನಡೆಯುವ ಕ್ರಿಯೆಯೇ ಇದು. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ನಾಲ್ಕು ದಿನ ಬಿಸಿಲು ಕಾಣದೆ ನಿಂತ ಕಾರಿನಲ್ಲಿ ಅದು ತಡೆಯಿಲ್ಲದೆ ನಡೆಯುತ್ತದೆ. ಪಿನ್ನು ಪೂರ್ತಿ ಕರಗಿದ ದಿನ ಹೆಡ್‌ಲೈಟ್ ಹತ್ತುವುದೇ ಇಲ್ಲ. ಆರದ ದೀಪ ಅದಕ್ಕೆ ಮುಂಚಿನ ಹಂತ.

ಮಳೆನೀರಿನಲ್ಲಿ ಉಪ್ಪಿಲ್ಲ. ಉಪ್ಪು ಮೊದಲೇ ಬಂದು ಕೂತಿರುತ್ತದೆ, ಕಡಲಗಾಳಿಯಿಂದ ಜಾಲರಿಯ ಅಡಿಯ ಕೆಸರಿನಲ್ಲಿ. ಮೀನು ಲಾರಿಯ ಹಿಂದೆ ಹೋದಾಗ ಎರಚುವ ನೀರೂ ಅದಕ್ಕೆ ಸೇರುತ್ತದೆ. ಮಳೆ ಅದನ್ನು ಕರಗಿಸಿ ಒಳಗೆ ತರುತ್ತದೆ. ತೊಳೆದು ಒಣಗಿಸಿದ ಹಳೆಯ ಕಪ್ಲರಿನ ಅದೇ ಎರಡು ಪಿನ್ನುಗಳ ಮೇಲೆ ಬಾವಿನೀರು ಹನಿಸಿದರೆ ರಿಲೇ ಸರಿಯಾಗಿ ಬಿಡುತ್ತಿತ್ತು. ಲೀಟರಿಗೆ 35 ಗ್ರಾಂ ಉಪ್ಪು ಕರಗಿಸಿದ, ಅಂದರೆ ಕಡಲಿನಷ್ಟೇ ಉಪ್ಪಿರುವ ನೀರು ಹನಿಸಿದಾಗ ಹಿಡಿದು ಕೂತಿತು. ಇಂಥ ಸೋರಿಕೆಯನ್ನು ಮೀಟರಿನ ಓಮ್ ಸ್ಥಾನದಲ್ಲಿ ಅಳೆಯಲು ಹೋಗಬೇಡಿ. ದ್ರವದ ಮೇಲೆ ಮೀಟರಿನ ಸಣ್ಣ ವೋಲ್ಟೇಜ್ ತೋರುವ ಸಂಖ್ಯೆ ಏರುತ್ತಾ ಇಳಿಯುತ್ತಾ ಇರುತ್ತದೆ. ಕಾಯಿಲನ್ನೇ ಸರಣಿಯಲ್ಲಿಟ್ಟು 12 ವೋಲ್ಟಿನಲ್ಲಿ ಅಳೆದರೆ ನಿಜ ತಿಳಿಯುತ್ತದೆ.

ದುರಸ್ತಿ

ಸಾಮಾನು: 0.75 ಚದರ ಮಿ.ಮೀ. ಆಟೋ ವೈರು ಅರ್ಧ ಮೀಟರ್, ರಬ್ಬರ್ ಸೀಲ್ ಇರುವ ಒಂದು ಪಿನ್ನಿನ ಕಪ್ಲರ್ ಒಂದು ಜೊತೆ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬು, ಬ್ಯಾಟರಿಗೆ ಹಾಕುವ ಶುದ್ಧ ನೀರು ಒಂದು ಲೀಟರ್, ಐಸೊಪ್ರೊಪೈಲ್ ಆಲ್ಕೊಹಾಲ್ 100 ಮಿ.ಲೀ., ಡೈಎಲೆಕ್ಟ್ರಿಕ್ ಗ್ರೀಸ್ ಸ್ವಲ್ಪ. ಕಾಯಿಲು ಎಳೆಯುವುದು 150 ಮಿಲಿಆಂಪಿಯರ್, ಇನ್ನೂ ತೆಳು ವೈರು ಸಾಕು, 0.75 ಆಯ್ದದ್ದು ಗಟ್ಟಿತನಕ್ಕೆ.

ಕಪ್ಲರ್ ತೊಳೆಯುವಾಗ ಮೊದಲು ನೀರು, ಆಮೇಲೆ ಆಲ್ಕೊಹಾಲ್. ಈ ಕ್ರಮ ತಪ್ಪಬಾರದು. ಉಪ್ಪು ಆಲ್ಕೊಹಾಲಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು, ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇಯಲ್ಲೂ ಕರಗುವುದಿಲ್ಲ. ಸ್ಪ್ರೇ ಹೊಡೆದರೆ ಎಣ್ಣೆ ಮೇಲೆ, ಉಪ್ಪು ಅದರಡಿಯಲ್ಲಿ ಹಾಗೆಯೇ. ಬ್ಯಾಟರಿ ಬಿಚ್ಚಿಟ್ಟು, ಶುದ್ಧ ನೀರಿನಲ್ಲಿ ಬ್ರಷ್ ಹಾಕಿ ಮೂರು ಸಲ ತೊಳೆದು, ನೀರನ್ನು ಓಡಿಸಲು ಆಲ್ಕೊಹಾಲ್, ಕೊನೆಗೆ ಕೂದಲು ಒಣಗಿಸುವ ಯಂತ್ರದ ಸಣ್ಣ ಬಿಸಿಯಲ್ಲಿ ಇಪ್ಪತ್ತು ನಿಮಿಷ. ಹಿತ್ತಾಳೆ ದೀಪ ತಿಕ್ಕುವ ಹುಣಸೆಹುಳಿ, ಲಿಂಬೆರಸ ಕಪ್ಲರಿಗೆ ಬೇಡ. ಕಿಲುಬು ಹೋಗುತ್ತದೆ ನಿಜ, ಆದರೆ ಹುಳಿ ಕ್ರಿಂಪಿನ (ಪಿನ್ನನ್ನು ವೈರಿಗೆ ಒತ್ತಿ ಕಚ್ಚಿಸಿದ ಜಾಗದ) ಒಳಗೆ ಉಳಿದು ತಿನ್ನುತ್ತದೆ.

85ರ ವೈರನ್ನು 14 ಪಿನ್ನಿನ ಕಪ್ಲರಿನಿಂದ ಪೂರ್ತಿ ಹೊರತೆಗೆಯಲಾಯಿತು. ಪಿನ್ನು ಬದಲಿಸಿ ಅಲ್ಲೇ ಕೂರಿಸಬಹುದಿತ್ತು, ಆದರೆ ಅರ್ಥ್ ಪಕ್ಕದಲ್ಲೇ ಮತ್ತೆ ಸದಾ ಜೀವಂತ ಪಿನ್ನು ಇಡುವುದು ಸರಿಕಾಣಲಿಲ್ಲ. ವೈರಿನ ತುದಿ ಸುಲಿದಾಗ ಎಳೆಗಳು ಕಪ್ಪಾಗಿದ್ದವು. ನೀರು ಎಳೆಗಳ ಸಂದಿನಲ್ಲಿ ಬತ್ತಿಗೆ ಎಣ್ಣೆ ಏರಿದಂತೆ ಏರಿರುತ್ತದೆ. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯದು, ಕ್ರಿಂಪೂ ನಿಲ್ಲದು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಇಲ್ಲಿ ಒಂದು ಕಡೆ 9 ಸೆಂ.ಮೀ., ಇನ್ನೊಂದು ಕಡೆ 4 ಸೆಂ.ಮೀ. ಹೋಯಿತು. ಹೊಸ ವೈರು ಕ್ರಿಂಪ್ ಮಾಡಿ ಟ್ಯೂಬು ಬಿಸಿಮಾಡಿದಾಗ ಎರಡೂ ತುದಿಯಲ್ಲಿ ಅಂಟು ಉಂಗುರದಂತೆ ಹೊರಬಂದರೆ ಸೀಲ್ ಆಗಿದೆ ಎಂದರ್ಥ. ಬಟ್ಟೆ ಟೇಪು ಇಲ್ಲಿ ನೀರು ಹಿಡಿದಿಡುತ್ತದೆ. ಹುಳಿ ವಾಸನೆಯ ಸಿಲಿಕಾನ್ ಅಂಟು ಹಾಕಿದರೆ ಒಣಗುವಾಗ ಬಿಡುವ ಆಮ್ಲವೇ ತಾಮ್ರವನ್ನು ಹಸಿರು ಮಾಡುತ್ತದೆ.

ಹೊಸ ಕಪ್ಲರನ್ನು ಹಳೆಯದಕ್ಕಿಂತ ಒಂದು ಗೇಣು ಮೇಲೆ ಕಟ್ಟಿ, ಅದಕ್ಕೆ ಬರುವ ವೈರನ್ನು ಕಪ್ಲರಿಗಿಂತ ಕೆಳಗೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತರಲಾಯಿತು. ನೀರು ಬಂದರೂ ಆ ತಗ್ಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಕಪ್ಲರಿಗೆ ಏರುವುದಿಲ್ಲ. ಹಳೆಯ ಜೋಡಣೆಯಲ್ಲಿ ಇಡೀ ವೈರಿನ ಕಟ್ಟು ಗ್ರಾಮೆಟ್ಟಿನಿಂದ ನೇರ ಕಪ್ಲರಿನ ತಲೆಗೇ ಇಳಿದಿತ್ತು, ಆ ಕಟ್ಟನ್ನೂ ಹೀಗೆಯೇ ಜೋಲು ಬಿಟ್ಟು ಕಟ್ಟಲಾಯಿತು.

ಇನ್ನು ಜಾಲರಿಯ ತೂತು. ಇದನ್ನು ಬಿಟ್ಟರೆ ಮೇಲಿನದ್ದೆಲ್ಲ ಒಂದೇ ಮಳೆಗಾಲಕ್ಕೆ. ಕೆಸರನ್ನು ಕೈಯಿಂದ ತೆಗೆದು, ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರವನ್ನು ತೂತಿನೊಳಗೆ ಇಳಿಸಿ ಆಡಿಸಿದರೆ ಸಾಕು. ಕಂಪ್ರೆಸರಿನ ಗಾಳಿ ಹೊಡೆದರೆ ಒಳಗಿನ ರಬ್ಬರ್ ಕೊಳವೆ ಕಳಚಿ ನೀರು ಬೇರೆ ಕಡೆ ಬೀಳಬಹುದು. ಆಮೇಲೆ ಒಂದು ಕೊಡಪಾನ ನೀರು ಹೊಯ್ದು ಎರಡೂ ಮುಂಚಕ್ರಗಳ ಹಿಂದೆ ನೆಲಕ್ಕೆ ನೀರು ಬೀಳುವುದನ್ನು ನೋಡಬೇಕು. ಇಲ್ಲಿ ಎಡಗಡೆ ಮೊದಲು ಬರೀ ಕಪ್ಪು ನೀರು, ಆಮೇಲೆ ತಿಳಿ.

ಪರೀಕ್ಷೆ ಮೊದಲಿನ ಜಾಗದಲ್ಲೇ, ಜಾಲರಿಯ ಎಡಮೂಲೆ, ಇಪ್ಪತ್ತು ನಿಮಿಷ ಧಾರೆ. ಇಪ್ಪತ್ತು ಸಲ ಹಾಕಿ ಆರಿಸಿದಾಗಲೂ ಆಫ್‌ನಲ್ಲಿ ಕಾಯಿಲಿನ ಮೇಲೆ 0.0. ರಾತ್ರಿ ನಿಂತ ಕಾರು ಎಳೆಯುವ ಕರೆಂಟು ಅರ್ಧ ಗಂಟೆ ಕಾದ ಮೇಲೆ 18 ಮಿಲಿಆಂಪಿಯರ್. 50ರ ಒಳಗಿದ್ದರೆ ಚಿಂತೆ ಇಲ್ಲ. ಇದನ್ನು ಅಳೆಯುವಾಗ ಮೀಟರ್ ಬ್ಯಾಟರಿಯ ಸರಣಿಯಲ್ಲಿ ಇರುತ್ತದೆ. ಮರೆತು ಹೆಡ್‌ಲೈಟ್ ಹಾಕಿದರೆ ಮೀಟರಿನ ಫ್ಯೂಸ್ ಹೋಗುತ್ತದೆ.

ಅದೇ ಲಕ್ಷಣ, ಬೇರೆ ಬೇರು

ನಿಜವಾಗಿ ಅಂಟಿದ ರಿಲೇ ಹೆಚ್ಚಾಗಿ ಸಿಗುವುದು 100/90 ವ್ಯಾಟಿನ ಬಲ್ಬು ಹಾಕಿದ ಕಾರುಗಳಲ್ಲಿ. ಉರಿಯುತ್ತಿರುವ 55 ವ್ಯಾಟಿನ ತಂತುವಿನ ರೋಧ ಸುಮಾರು 2.6 ಓಮ್, ತಣ್ಣಗಿದ್ದಾಗ ಅದರ ಹತ್ತನೇ ಒಂದು ಭಾಗದಷ್ಟು. ಹಾಕಿದ ಮೊದಲ ಕ್ಷಣ ಒಂದೊಂದು ಬಲ್ಬೂ ಹತ್ತಾರು ಆಂಪಿಯರ್ ಎಳೆಯುತ್ತದೆ. ವ್ಯಾಟ್ ಹೆಚ್ಚಿದಂತೆ ಆ ಹೊಡೆತವೂ ಹೆಚ್ಚು, ಕಾಂಟ್ಯಾಕ್ಟಿನ ಮುಖ ಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. ಮುಚ್ಚಳ ತೆಗೆದರೆ ಒಂದು ಕಡೆ ಕುಳಿ, ಇನ್ನೊಂದು ಕಡೆ ಮೊನೆ ಕಾಣುತ್ತದೆ. ಉಜ್ಜಿ ಮತ್ತೆ ಹಾಕುವವರಿದ್ದಾರೆ, ಅದು ಬೇಡ. ಮೇಲಿನ ಬೆಳ್ಳಿ ಮಿಶ್ರಲೋಹ ಹೋಗಿ ತಾಮ್ರ ತೆರೆದುಕೊಂಡ ಕಾಂಟ್ಯಾಕ್ಟ್ ಬೇಗ ಮತ್ತೆ ಅಂಟುತ್ತದೆ. ರಿಲೇಯ ಜೊತೆಗೆ ಬಲ್ಬೂ 60/55ಕ್ಕೆ ಇಳಿಯಬೇಕು.

ಹೊರಗಿನಿಂದ ಹಾಕಿಸಿದ ರಿಲೇ ಕಿಟ್ ಇದ್ದರೆ ರಿಲೇಯ ಕಾಲುಗಳು ಕೆಳಮುಖವಾಗಿವೆಯೇ ನೋಡಿ. ಮೇಲ್ಮುಖ ಇದ್ದರೆ ಸಾಕೆಟ್ಟೇ ನೀರಿನ ಬಟ್ಟಲು. ಇನ್ನೊಂದು ಸೂಕ್ಷ್ಮ: ನಾಲ್ಕು ಪಿನ್ನಿನ ಮಿನಿ ರಿಲೇಗಳಲ್ಲಿ ಎರಡು ಬಗೆ ಇವೆ, ಒಂದರಲ್ಲಿ 30 (ದೀಪದ ಕರೆಂಟು ರಿಲೇಗೆ ಬರುವ ಪಿನ್ನು) ಇರುವ ಜಾಗದಲ್ಲಿ ಇನ್ನೊಂದರಲ್ಲಿ 86 ಇರುತ್ತದೆ. ಎರಡೂ ಒಂದೇ ಸಾಕೆಟ್ಟಿಗೆ ಕೂರುತ್ತವೆ. ಕಾಯಿಲನ್ನು ಪಾಸಿಟಿವ್‌ನಿಂದ ಎಬ್ಬಿಸುವ ಜೋಡಣೆಯಲ್ಲಿ ತಪ್ಪು ಬಗೆ ಕೂತರೆ ಕಾಯಿಲಿಗೆ ಬ್ಯಾಟರಿ ಸದಾ ಸಿಗುತ್ತದೆ, ದೀಪದ ಪೂರ್ತಿ ಕರೆಂಟು ಸ್ವಿಚ್ಚಿನ ಸಣ್ಣ ವೈರಿನಲ್ಲಿ ಹರಿಯುತ್ತದೆ. ದೀಪ ಹತ್ತಿ ಆರುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ. ಆದರೆ ದಿನಕ್ಕೆ ಮೂರೂವರೆ ಆಂಪಿಯರ್-ಅವರ್ ಸೋರುತ್ತದೆ, ಒಂದು ವಾರ ನಿಂತ ಕಾರು ಎದ್ದೇಳುವುದಿಲ್ಲ, ಕ್ರಮೇಣ ಸ್ವಿಚ್ಚು ಕರಗಿ ನಿಜವಾಗಿಯೂ ಆರದ ಸ್ಥಿತಿ ಬರುತ್ತದೆ. ರಿಲೇಯ ಮೈಮೇಲಿನ ಚಿತ್ರ ನೋಡಿಯೇ ಕೊಳ್ಳಬೇಕು.

ರಿಲೇ ಇಲ್ಲದೆ ಬಲ್ಬಿನ ಅರ್ಥ್ ಕಡೆಯನ್ನೇ ಸ್ವಿಚ್ ಮಾಡುವ ಹಳೆಯ ಜಪಾನಿ ವಿನ್ಯಾಸಗಳೂ ಇವೆ. ಅಲ್ಲಿ ಇಲಿ ಕಡಿದು ಸುಲಿದ ವೈರು ಬಾಡಿಗೆ ತಾಗಿದರೆ ಫ್ಯೂಸ್ ಹೋಗುವುದಿಲ್ಲ, ದೀಪ ಹತ್ತಿಕೊಳ್ಳುತ್ತದೆ. ಹೆಡ್‌ಲೈಟಿನ ಹಿಂದೆ, ರೇಡಿಯೇಟರ್ ಪಟ್ಟಿಯ ಅಂಚಿನಲ್ಲಿ ಹುಡುಕಿ.

ಎಲ್‌ಇಡಿ ಬಲ್ಬು ಆಫ್ ಮಾಡಿದ ಮೇಲೆ ಮಿಣುಕುತ್ತಿದ್ದರೆ ಅದೂ ಸೋರಿಕೆಯೇ, ಕೆಲವು ಮಿಲಿಆಂಪಿಯರಿಗೇ ಅದು ಹೊಳೆಯುತ್ತದೆ. ಆಟೋ ಹೆಡ್‌ಲೈಟ್ ಇರುವ ಕಾರಿನಲ್ಲಿ ಹಗಲಲ್ಲೂ ಆರದಿದ್ದರೆ ಮೊದಲು ಡ್ಯಾಶ್‌ಬೋರ್ಡ್ ಅಥವಾ ಗಾಜಿನ ಮೇಲಿನ ಬೆಳಕಿನ ಸೆನ್ಸರ್ ಮೇಲೆ ಟವೆಲ್, ದೇವರ ಮೂರ್ತಿ, ಸ್ಟಿಕ್ಕರ್ ಕೂತಿದೆಯೇ ನೋಡಿ. ಕೀ ತೆಗೆದ ಮೇಲೆ ಅರ್ಧ ಒಂದು ನಿಮಿಷ ಉರಿದು ತಾನೇ ಆರುವುದು ಮನೆಬಾಗಿಲ ತನಕ ಬೆಳಕು ತೋರಿಸುವ ಸೌಲಭ್ಯ, ದೋಷವಲ್ಲ. ಕೆಲವು ಯುರೋಪಿನ ಕಾರುಗಳಲ್ಲಿ ಲೈಟ್ ಸ್ವಿಚ್ಚಿನ ಸಂದೇಶ ಕಂಪ್ಯೂಟರಿಗೆ ತಲುಪದಿದ್ದರೆ ಇಗ್ನಿಷನ್ ಹಾಕಿದೊಡನೆ ಲೋ ಬೀಮ್ ಹತ್ತುತ್ತದೆ. ಕತ್ತಲಲ್ಲಿ ದೀಪ ಆರಿಹೋಗುವುದಕ್ಕಿಂತ ಉರಿಯುವುದು ಸುರಕ್ಷಿತ ಎಂದು ಹಾಗೆ ಮಾಡಿರುತ್ತಾರೆ. ಅಲ್ಲಿ ಸ್ಕ್ಯಾನರ್ ಬೇಕು. ಇನ್ನು 2017ರ ಏಪ್ರಿಲ್ 1ರ ನಂತರದ ದ್ವಿಚಕ್ರ ವಾಹನಗಳಲ್ಲಿ ಆರಿಸುವ ಸ್ವಿಚ್ಚೇ ಇಲ್ಲ, ನಿಯಮವೇ ಹಾಗಿದೆ.

ಮಲ್ಪೆಯ ಕಾರಿನ ಕಾಲಡಿಯ ಕಾರ್ಪೆಟ್ಟು ಎತ್ತಿ ಎರಡು ದಿನ ಫ್ಯಾನಿಗೆ ಒಣಗಿಸಲಾಯಿತು. ತೆಗೆದೆಸೆದಿದ್ದ ರಿಲೇಗಳಲ್ಲಿ ಅಳತೆಗೆ ಬಳಸದೆ ಉಳಿದದ್ದನ್ನು ಬೆಂಚಿನ ಮೇಲೆ ನೋಡಿದಾಗ ಎಳೆಯುವುದು 6.9ಕ್ಕೆ, ಬಿಡುವುದು 2.1ಕ್ಕೆ. 30ರಿಂದ 87ಕ್ಕೆ (ದೀಪದ ಕಡೆಗೆ ಹೋಗುವ ಪಿನ್ನಿಗೆ) 9 ಆಂಪಿಯರ್ ಹರಿಸಿದರೆ ಬೀಳುವುದು 0.05 ವೋಲ್ಟ್. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದೇ ಕಾರಿನ ಗ್ಲವ್ ಬಾಕ್ಸಿನಲ್ಲಿ ಇಡಲಾಗಿದೆ.